ಬಚ್ಚಲ ನೀರು ಹರಿದ ದಾರಿ

ಸುಖಸಾಧನಗಳನ್ನು ಕುರಿತು ಮನುಷ್ಯನು ವಿಚಾರ ಮಾಡುವುದು ಸಾಮಾನ್ಯವಾಗಿ ಅವು ಇಲ್ಲವಾದಾಗ. ವಿದ್ಯುತ್ತು ನಿಂತಾಗ ಬೀಸಣಿಗೆಯ ನೆನಪಾಗುತ್ತದೆ, ನಲ್ಲಿ ಬತ್ತಿದಾಗ ನೀರಿನ ನೆನಪಾಗುತ್ತದೆ. ಅವು ಕೈಗೆಟುಕುವಂತಿರುವಾಗ ಎಲ್ಲಿಂದ ಬಂದವು, ಬಳಸಿದ ಮೇಲೆ ಎಲ್ಲಿಗೆ ಹೋದವು ಎಂಬ ವಿಚಾರ ಮನಸ್ಸಿಗೆ ಬರುವುದು ವಿರಳ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಮುಳ್ಳುತಂತಿಯ ಬೇಲಿಯೊಂದರ ಬಳಿ ಈ ವಿಚಾರವನ್ನು ಕಲಿತು ಬಂದ ಗೃಹಸ್ಥರೊಬ್ಬರು ಬೀದರ್ ಸಮೀಪದ ಅಷ್ಟೂರಿನಲ್ಲಿದ್ದಾರೆ. ಅವರು ಪಂಡಿತರಲ್ಲ, ಉಪದೇಶಕರೂ ಅಲ್ಲ. ಆದರೆ ಅವರ ಅನುಭವ ಓದುಗರ ಚಿಂತನೆಗೆ ಅರ್ಹವಾದುದು.

ಬೀದರ್ ನಗರದಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ಇಳಿದು ಹೋದರೆ ಅಷ್ಟೂರ ಸಿಗುತ್ತದೆ. ದಾರಿಯಲ್ಲಿ ಹಜರತ್ ಖಲೀಲುಲ್ಲಾ ಅವರ ಚೌಖಂಡಿ, ಮುಂದೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಗುಲ್ಬರ್ಗಾದಿಂದ ಬೀದರಿಗೆ ರಾಜಧಾನಿಯನ್ನು ತಂದ ಅಹಮದ್ ಷಾ ವಲಿ 1436ರಲ್ಲಿ ತೀರಿಕೊಂಡು ಇಲ್ಲಿಯೇ ವಿಶ್ರಮಿಸಿದ್ದಾನೆ. ಅವನ ಗುಮ್ಮಟದ ಒಳಮೈಯಲ್ಲಿ ಚಿತ್ತಾರದ ಬಣ್ಣ ಇನ್ನೂ ಉಳಿದಿದೆ. ಹುಮಾಯೂನ್ ಷಾನ ಗುಮ್ಮಟವು ಸಿಡಿಲು ಬಡಿದು ಅರ್ಧ ಕುಸಿದು ನಿಂತಿದೆ. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಹಿಂದೂಗಳು ಮುಸಲ್ಮಾನರು ಎಂಬ ಭೇದವಿಲ್ಲದೆ ಸುತ್ತಲಿನ ಜನ ಸೇರುತ್ತಾರೆ. ಮೇಲೆ ಆಕಾಶದಲ್ಲಿ ಬೀದರಿನ ವಾಯುನೆಲೆಯ ತರಬೇತಿ ವಿಮಾನಗಳ ಸದ್ದು ಕೇಳುತ್ತಿರುತ್ತದೆ.

ಈ ಗುಮ್ಮಟಗಳ ನೆರಳಿನಲ್ಲಿ ತಂದೆಯ ದೇವಣಿ ಎತ್ತುಗಳನ್ನು ಮೇಯಿಸುತ್ತ ಬೆಳೆದ ಹುಡುಗನೊಬ್ಬ ವಿಮಾನಗಳನ್ನು ನೋಡಿ ಫೌಜಿಗೆ ಸೇರಬೇಕೆಂದು ಹಂಬಲಿಸಿದ. ವಿಮಾನ ಅವನ ಪಾಲಿಗೆ ಬರಲಿಲ್ಲ, ಪ್ರಾಣಿಗಳು ಬಂದವು. ದನಕರುಗಳ ಆರೈಕೆ ಬಲ್ಲ ರೈತನ ಮಗನನ್ನು ಭೂಸೇನೆಯು ರಿಮೌಂಟ್ ವೆಟರ್ನರಿ ಕೋರ್ ಎಂಬ ತನ್ನ ಪಶುವೈದ್ಯ ದಳಕ್ಕೆ ತೆಗೆದುಕೊಂಡಿತು. ತನ್ನ ಮೂಲವನ್ನು 1779ರಿಂದ ಎಣಿಸುವ ಈ ದಳದ ಕೇಂದ್ರ ಮೀರತ್ತಿನಲ್ಲಿದೆ. 'ಪಶು ಸೇವಾ ಅಸ್ಮಾಕಂ ಧರ್ಮಃ' ಎಂಬುದು ಅದರ ಧ್ಯೇಯವಾಕ್ಯ. ಕುದುರೆ, ಹೇಸರಗತ್ತೆ, ನಾಯಿಗಳ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು, ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಮರಳಿದ ಅವರನ್ನು ಎಲ್ಲರೂ 'ಫೌಜಿ ಕಾಕಾ' ಎನ್ನುತ್ತಾರೆ.

ಫೌಜಿ ಕಾಕಾನ ಎರಡು ನಡವಳಿಕೆಗಳು ಊರಿನವರಿಗೆ ವಿಚಿತ್ರವಾಗಿ ಕಾಣುತ್ತವೆ. ಮೊದಲನೆಯದು ಸ್ನಾನದ ರೀತಿ. ಮನೆಯಲ್ಲಿ ಕೊಳವೆಬಾವಿಯಿದೆ, ಮಾಳಿಗೆಯ ಮೇಲೆ ಟಾಕಿಯಿದೆ. ಆದರೂ ಅವರು ಅರ್ಧ ಬಕೆಟ್ ನೀರಿಗೆ ಮೀರಿ ಬಳಸುವುದಿಲ್ಲ. ಸ್ನಾನವಾದ ಮೇಲೆ ಹಿತ್ತಲಿಗೆ ಹೋಗಿ ಬಚ್ಚಲ ನೀರು ಹೀರೆ ಬಳ್ಳಿಯ ಪಾತಿಗೆ ಮುಟ್ಟಿತೋ ಇಲ್ಲವೋ ಎಂದು ಬಗ್ಗಿ ನೋಡಿ ಬರುತ್ತಾರೆ. ಎರಡನೆಯದು ಮಾತಿನ ರೀತಿ. ಜಡ್ಡಾದ ದನವನ್ನು ಹಿಡಿದು ತಂದವರಿಗೆ 'ಏನೂ ಆಗೂದಿಲ್ಲ, ಛಲೋ ಆಗ್ತದ' ಎಂಬ ಸಮಾಧಾನದ ಮಾತು ಅವರ ಬಾಯಿಂದ ಬರುವುದಿಲ್ಲ. 'ಕಾಕಾನ ಕೈ ಮೆತ್ತಗ, ಮಾತು ಬಿರುಸು' ಎಂದು ಜನ ನಗುತ್ತಾರೆ. ಈ ಎರಡೂ ನಡವಳಿಕೆಗಳ ಬೇರು ಒಂದೇ ವರ್ಷದಲ್ಲಿದೆ, ಒಂದೇ ನೆಲದಲ್ಲಿದೆ.

2011ರ ಜುಲೈ 9ರಂದು ದಕ್ಷಿಣ ಸುಡಾನ್ ಎಂಬ ಹೊಸ ರಾಷ್ಟ್ರ ಉದಯವಾಯಿತು. ಅದೇ ದಿನ ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯವೂ ಹೊಸ ರೂಪದಲ್ಲಿ ಆರಂಭವಾಯಿತು. ಶಾಂತಿಪಾಲನೆ ಭಾರತಕ್ಕೆ ಹೊಸದಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಪ್ರಶ್ನೆಯನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1965ರಲ್ಲಿ ಸೈಪ್ರಸ್ಸಿನ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ತೀರಿಕೊಂಡರು. ದಕ್ಷಿಣ ಸುಡಾನಿಗೂ ಭಾರತ ತನ್ನ ಪಡೆಗಳನ್ನು ಕಳುಹಿಸಿತು. ಬಿಳಿ ನೈಲ್ ನದಿಯ ಪೂರ್ವ ದಂಡೆಯ ಮೇಲಿನ ಮಲಕಾಲ ಎಂಬ ಪಟ್ಟಣದಲ್ಲಿ ಭಾರತೀಯ ಸೈನಿಕರ ನೆಲೆಯಿತ್ತು. ಅಲ್ಲಿ ನಮ್ಮ ಸೇನೆಯ ಪಶುವೈದ್ಯರು ಸ್ಥಳೀಯರ ದನಕರುಗಳಿಗಾಗಿ ಒಂದು ಆಸ್ಪತ್ರೆಯನ್ನೂ ನಡೆಸುತ್ತಿದ್ದರು. ದನವೇ ಧನವಾಗಿರುವ ನಾಡಿನಲ್ಲಿ ಇದು ಬಂದೂಕಿಗಿಂತ ಹೆಚ್ಚಿನ ವಿಶ್ವಾಸವನ್ನು ಗಳಿಸಿತ್ತು. 2013ರ ಮಧ್ಯಭಾಗದಲ್ಲಿ ಹವಾಲ್ದಾರರು ಆ ತುಕಡಿಗೆ ಸೇರಿ ಮಲಕಾಲಕ್ಕೆ ಹೋದರು.

ಅಲ್ಲಿಯ ನೆಲ ಕಂಡು ಅವರಿಗೆ ಪರದೇಶಕ್ಕೆ ಬಂದಂತೆ ಅನಿಸಲಿಲ್ಲ. ಭಾಲ್ಕಿ ಮತ್ತು ಔರಾದ ಕಡೆಯ ಎರೆಹೊಲದಂಥದೇ ಕರಿ ಮಣ್ಣು. ಮಳೆಗಾಲದಲ್ಲಿ ಕಾಲಿಗೆ ಸೇರುಗಟ್ಟಲೆ ಅಂಟುವ ಕೆಸರು, ವಾಹನಗಳು ಹೂತು ನಿಲ್ಲುವ ರಸ್ತೆ. ಮಳೆ ಮುಗಿದ ಮೇಲೆ ಅದೇ ನೆಲ ಕೈ ತೂರುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ, ಬಂಡಿಗಳ ಗಾಲಿಗೆ ಸಿಕ್ಕಿ ಹಿಟ್ಟಾಗುತ್ತದೆ. ನವೆಂಬರಿನಿಂದ ಬಡಗಣ ಗಾಳಿ ಬೀಸತೊಡಗಿದರೆ ಆ ಹಿಟ್ಟು ಮೇಲೆದ್ದು ಸೂರ್ಯನನ್ನು ಮಬ್ಬಾಗಿಸುತ್ತದೆ. ಸೈನಿಕರ ವಾಸವು ತಗಡಿನ ಪೆಟ್ಟಿಗೆಯಂಥ ಸಿದ್ಧ ಕೋಣೆಗಳಲ್ಲಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ಬೆಳಗಾಗುವಷ್ಟರಲ್ಲಿ ಹೊದಿಕೆ, ತಟ್ಟೆ, ಹಲ್ಲುಜ್ಜುವ ಬ್ರಷ್ಷು, ಮನೆಯವರ ಭಾವಚಿತ್ರ ಎಲ್ಲದರ ಮೇಲೆ ಒಂದು ಪದರ ಧೂಳು. ಹೊರಗೆ ಹಗಲಿರುಳು ಡೀಸೆಲ್ ಜನರೇಟರುಗಳ ಗುಡುಗು. ಬೇಲಿಯ ಕಂಬಗಳ ಮೇಲೆ ಆಳೆತ್ತರದ ಬೋಳುತಲೆಯ ಕೊಕ್ಕರೆಗಳು ಮುದುಕರಂತೆ ಕುಳಿತಿರುತ್ತಿದ್ದವು.

ಇಂಥ ಕಡೆಯಲ್ಲಿ ಸುಖವೆಂಬುದು ಬಹಳ ಚಿಕ್ಕ ಚಿಕ್ಕ ವಸ್ತುಗಳಲ್ಲಿ ಅಡಗಿಕೊಳ್ಳುತ್ತದೆ. ಸೂರ್ಯೋದಯಕ್ಕೆ ಮೊದಲು ಸ್ಟೀಲ್ ಲೋಟದಲ್ಲಿ ಸಿಗುವ ಶುಂಠಿ ಚಹಾ. ಮಲೇರಿಯಾದ ನಾಡಿನಲ್ಲಿ ಹರಿಯದೆ ಉಳಿದ ಸೊಳ್ಳೆಪರದೆ. ಸಂಜೆ ಧೂಳೆಬ್ಬಿಸುತ್ತ ಆಡುವ ವಾಲಿಬಾಲು. ಎಲ್ಲ ಮತದವರೂ ಒಂದೇ ಸೂರಿನಡಿ ಕೈಮುಗಿಯುವ ಸರ್ವಧರ್ಮ ಸ್ಥಳದ ಸಂಜೆಯ ದೀಪ. ರವಿವಾರ ಮನೆಯವರೊಡನೆ ಫೋನಿನಲ್ಲಿ ಕೆಲವು ನಿಮಿಷಗಳ ಮಾತು; ಅದರಲ್ಲಿ ಅರ್ಧವೂ 'ಕೇಳಸ್ತದೇನು?' ಎಂಬ ಪ್ರಶ್ನೆಯಲ್ಲಿಯೇ ಮುಗಿದುಹೋಗುತ್ತಿತ್ತು. ಅಡುಗೆಮನೆಯ ಹಿಂದೆ ಯಾರೋ ಬಿತ್ತಿದ ಕೊತ್ತಂಬರಿ ಮೊಳೆತ ದಿನ ತುಕಡಿಯವರೆಲ್ಲ ಒಬ್ಬೊಬ್ಬರಾಗಿ ಹೋಗಿ ನೋಡಿ ಬಂದರು. ಊರಿನಿಂದ ತಂದ ಶೇಂಗಾ ಹಿಂಡಿಯ ಡಬ್ಬಿಯನ್ನು ಹವಾಲ್ದಾರರು ತಿಂಗಳಿಗೆ ಇಷ್ಟೇ ಎಂದು ಗೆರೆ ಹಾಕಿ ಬಳಸುತ್ತಿದ್ದರು.

ಮಾತಿನಲ್ಲಿಯೂ ಒಂದು ಸುಖವಿತ್ತು. ಮಲಕಾಲದ ಸಂತೆಯಲ್ಲಿ ಜನರು ಒಂದು ಬಗೆಯ ಅರಬ್ಬಿಯನ್ನು ಆಡುತ್ತಾರೆ. ಬೀದರಿನಲ್ಲಿ ಉರ್ದು ಕೇಳಿ ಬೆಳೆದವರಿಗೆ ಅಲ್ಲಿ ಹತ್ತಾರು ಪರಿಚಯದ ಶಬ್ದಗಳು ಸಿಗುತ್ತವೆ. ಸಾಬೂನು ಅಲ್ಲಿಯೂ ಸಾಬೂನೇ. ಸಕ್ಕರೆ ಅಲ್ಲಿ 'ಸುಕ್ಕರ್', ಚಹಾ ಅಲ್ಲಿ 'ಶಾಯ್'. ಅಪರಿಚಿತ ನಾಡಿನ ಅಂಗಡಿಯಲ್ಲಿ ಸಾಬೂನು ಎಂದು ಕೇಳಿ ಸಾಬೂನನ್ನೇ ಪಡೆದ ದಿನ ಅವರಿಗಾದ ಸಂತೋಷವನ್ನು ಅವರು ಇಂದಿಗೂ ವರ್ಣಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಸಮಾಧಾನ ಜೋಳದ್ದು. ಆ ಜನರ ಮುಖ್ಯ ಆಹಾರ ಜೋಳ. ಅವರು ಅದನ್ನು 'ದುರಾ' ಎನ್ನುತ್ತಾರೆ. ಹಿಟ್ಟನ್ನು ಹುಳಿ ಬರಿಸಿ, ಕಾದ ತಗಡಿನ ಮೇಲೆ ತೆಳುವಾಗಿ ಹರಡಿ 'ಕಿಸ್ರಾ' ಎಂಬ ಹಾಳೆಯಂಥ ರೊಟ್ಟಿ ಮಾಡುತ್ತಾರೆ. ಗಟ್ಟಿಯಾಗಿ ಕುದಿಸಿದರೆ ನಮ್ಮ ಸಂಗಟಿಯಂಥ 'ಅಸಿದಾ'. ಜೋಳವನ್ನು ಮನುಷ್ಯನು ಮೊದಲು ಬೆಳೆಯಾಗಿಸಿದ್ದು ಸುಡಾನಿನ ಬಯಲುಗಳಲ್ಲಿ ಎಂದು ಪ್ರಾಚೀನ ಸಸ್ಯಾವಶೇಷಗಳನ್ನು ಪರೀಕ್ಷಿಸಿದ ವಿದ್ವಾಂಸರು ಹೇಳುತ್ತಾರೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಸಮುದ್ರ ದಾಟಿ ಭಾರತಕ್ಕೆ ಬಂದ ಆ ಕಾಳಿನ ತವರಿಗೇ ಅಷ್ಟೂರಿನ ರೈತನ ಮಗ ಬಂದು ನಿಂತಿದ್ದ. ಸಂತೆಯಿಂದ ಒಂದು ಚೀಲ ದುರಾ ಹಿಟ್ಟು ಕೊಂಡು ಮಂಚದ ಕೆಳಗಿಟ್ಟುಕೊಂಡರು. ಎಳ್ಳಮಾಸಿಯ ದಿನ ರೊಟ್ಟಿ ಬಡಿದು ಊರ ಹಬ್ಬ ಮಾಡಬೇಕೆಂಬುದು ಅವರ ಬಯಕೆ.

ಇವೆಲ್ಲವುಗಳ ಜೊತೆಗೆ ದಿನದ ಕೊನೆಗೆ ಒಂದು ಬಕೆಟ್ ನೀರು. ನೈಲ್ ನದಿಯ ನೀರನ್ನು ಶುದ್ಧಿಮಾಡಿ ಟಾಂಕಿಗಳಲ್ಲಿ ತುಂಬುತ್ತಿದ್ದರು. ಇಡೀ ದಿನದ ಧೂಳು, ಬೆವರು, ಔಷಧದ ವಾಸನೆಗಳನ್ನು ಹೊತ್ತು ಬಂದವನಿಗೆ ತಗಡಿನ ಸ್ನಾನದ ಮನೆಯಲ್ಲಿ ತಲೆಯ ಮೇಲೆ ಸುರಿದುಕೊಳ್ಳುವ ಮೊದಲ ತಂಬಿಗೆ ನೀರು ಸ್ವರ್ಗವಾಗಿತ್ತು. 'ಅಷ್ಟು ಹೊತ್ತು ನಾನು ಅಷ್ಟೂರಿನ್ಯಾಗ ಇರತಿದ್ದೆ' ಎನ್ನುತ್ತಾರೆ ಅವರು. ಆ ನೀರು ಬಚ್ಚಲ ಕಾಲುವೆಯಲ್ಲಿ ಹರಿದು ಬೇಲಿಯ ಕಡೆಗೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿತ್ತೆಂದು ಅವರು ನೋಡಿರಲಿಲ್ಲ.

ಹಗಲಿನ ಕೆಲಸ ದನಗಳದ್ದು. ಡಿಂಕಾ ಮತ್ತು ನುಯೆರ್ ಜನರಿಗೆ ಎತ್ತು ಉಳುವ ಪಶುವಲ್ಲ, ಹೆಚ್ಚುಕಡಿಮೆ ಒಡಹುಟ್ಟಿದವನು. ಪ್ರಾಯಕ್ಕೆ ಬಂದ ಹುಡುಗನಿಗೆ ತಂದೆ ಒಂದು ಎತ್ತನ್ನು ಕೊಡುತ್ತಾನೆ. ಆ ಎತ್ತಿನ ಬಣ್ಣದಿಂದಲೇ ಹುಡುಗನಿಗೆ ಇನ್ನೊಂದು ಹೆಸರು ಬರುತ್ತದೆ. ಮದುವೆಯ ಒಪ್ಪಂದವೂ ಜಗಳದ ತೀರ್ಮಾನವೂ ದನದ ಲೆಕ್ಕದಲ್ಲಿಯೇ. ಸಂಜೆ ಸೊಳ್ಳೆ ಓಡಿಸಲು ಸಗಣಿಯ ಹೊಗೆ ಹಾಕುತ್ತಾರೆ, ಬೆಳಿಗ್ಗೆ ಅದರ ಬೂದಿಯನ್ನು ಮೈಗೆ ಬಳಿದುಕೊಳ್ಳುತ್ತಾರೆ. ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾದ ದೊಡ್ಡರೋಗವು ಕೊನೆಯವರೆಗೆ ಬೀಡುಬಿಟ್ಟಿದ್ದ ನೆಲೆಗಳಲ್ಲಿ ಈ ಬಯಲುಗಳೂ ಒಂದು. ಬಿಸಿಲಿಗೆ ಕೆಡದ ಲಸಿಕೆಯನ್ನು ದನಗಾಹಿಗಳ ಕೈಯಲ್ಲೇ ಕೊಟ್ಟು, ನಡೆದು ಹೋಗಿ ಹಾಕಿಸಿದ್ದರಿಂದ ಅಲ್ಲಿ ಅದು ಅಳಿಯಿತು. ಅದೇ ರೋಗದ ಕಥೆಗಳನ್ನು ಹವಾಲ್ದಾರರು ತಮ್ಮ ತಂದೆಯ ಬಾಯಲ್ಲಿಯೂ ಕೇಳಿದ್ದರು.

ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಒಬ್ಬ ನುಯೆರ್ ವೃದ್ಧರಿದ್ದರು. ಅವರ ಬಿಳಿ ಎತ್ತಿನ ಗೊರಸಿನ ಸಂದಿಯಲ್ಲಿ ಹುಣ್ಣಾಗಿತ್ತು. ಹವಾಲ್ದಾರರು ವಾರಕ್ಕೆರಡು ಸಲ ಅದನ್ನು ತೊಳೆದು ಪಟ್ಟಿ ಕಟ್ಟುತ್ತಿದ್ದರು. ಇಬ್ಬರಿಗೂ ಸಾಮಾನ್ಯವಾದ ಶಬ್ದಗಳು ಹತ್ತಕ್ಕಿಂತ ಹೆಚ್ಚಿರಲಿಲ್ಲ. ಆದರೆ ಎತ್ತಿನ ಕಾಲನ್ನು ಹೇಗೆ ಎತ್ತಿ ಹಿಡಿಯಬೇಕು, ಯಾವಾಗ ಅದರ ಗಂಗೆದೊಗಲನ್ನು ತುರಿಸಿ ಸಮಾಧಾನಪಡಿಸಬೇಕು ಎಂಬುದಕ್ಕೆ ಭಾಷೆ ಬೇಕಾಗಿರಲಿಲ್ಲ.

2013ರ ಡಿಸೆಂಬರ್ 15ರಂದು ರಾಜಧಾನಿ ಜುಬಾದಲ್ಲಿ ಹೊತ್ತಿದ ಅಂತಃಕಲಹ ಕೆಲವೇ ದಿನಗಳಲ್ಲಿ ದೇಶವನ್ನು ಆವರಿಸಿತು. ಡಿಸೆಂಬರ್ 19ರಂದು ಅಕೋಬೊ ಎಂಬಲ್ಲಿಯ ಶಾಂತಿಪಡೆಯ ನೆಲೆಯ ಮೇಲೆ ದಾಳಿಯಾಯಿತು. ಒಳಗೆ ಆಶ್ರಯ ಪಡೆದಿದ್ದ ನಾಗರಿಕರೊಡನೆ ಇಬ್ಬರು ಭಾರತೀಯ ಸೈನಿಕರೂ ಪ್ರಾಣ ತೆತ್ತರು. ಅದೇ ವರ್ಷದ ಏಪ್ರಿಲ್ 9ರಂದು ಐವರು ಭಾರತೀಯ ಸೈನಿಕರು ಇದೇ ನಾಡಿನಲ್ಲಿ ಹೊಂಚುದಾಳಿಗೆ ಬಲಿಯಾಗಿದ್ದರು. ಡಿಸೆಂಬರ್ 24ರಂದು ಮಲಕಾಲದಲ್ಲಿ ಕಾದಾಟ ತೊಡಗಿತು. ಮಕ್ಕಳನ್ನು ಸೊಂಟದ ಮೇಲೆ, ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಜನರು ನೆಲೆಯ ಬಾಗಿಲಿಗೆ ಬಂದರು. ಬಾಗಿಲು ತೆರೆಯಿತು. ಕೆಲವೇ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆ ಆವರಣದೊಳಗೆ, ಆ ಧೂಳಿನಲ್ಲಿ, ಸಿಕ್ಕ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆರಳು ಮಾಡಿಕೊಂಡು ಕುಳಿತರು. ಸೈನಿಕರ ವಾಸಸ್ಥಾನಕ್ಕೂ ಅವರಿಗೂ ನಡುವೆ ಒಂದು ತಂತಿಯ ಬೇಲಿ.

ಮೂರನೆಯ ದಿನ ಸಂಜೆ, ಮೂವತ್ತು ಗಂಟೆಗಳ ಪಾಳಿ ಮುಗಿಸಿ ಬಂದ ಹವಾಲ್ದಾರರು ಎಂದಿನಂತೆ ಒಂದು ಬಕೆಟ್ ನೀರು ತೆಗೆದುಕೊಂಡು ಸ್ನಾನ ಮಾಡಿದರು. ಮೈ ಒರೆಸಿಕೊಂಡು ಹೊರಗೆ ಬಂದಾಗ ಬೇಲಿಯ ಕಡೆಯಿಂದ ಡಬ್ಬಿಯ ಸದ್ದು ಕೇಳಿತು. ಹೋಗಿ ನೋಡಿದರು. ಬಚ್ಚಲ ಕಾಲುವೆ ಬೇಲಿಯ ಅಡಿಯಿಂದ ಹೊರಬೀಳುವ ಜಾಗದಲ್ಲಿ ಎರಡು ಮೂರು ಮಕ್ಕಳು ಕುಳಿತು, ಎಣ್ಣೆಯ ಡಬ್ಬಿಯ ಬಾಯಿಗೆ ಬಟ್ಟೆ ಹಿಡಿದು, ಆ ಸಾಬೂನಿನ ನೀರನ್ನು ಸೋಸಿ ತುಂಬಿಕೊಳ್ಳುತ್ತಿದ್ದರು. ಅವರಲ್ಲೊಂದು ಹೆಣ್ಣುಮಗು ಹವಾಲ್ದಾರರನ್ನು ಕಂಡು ಬೈಯುತ್ತಾರೇನೋ ಎಂದು ಡಬ್ಬಿಯನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡಿತು. ಊರಿನಲ್ಲಿ ಅವರ ಮಗಳಿಗೂ ಆಗ ಅದೇ ವಯಸ್ಸು.

ಒಂದು ಬಕೆಟ್ಟಿನಲ್ಲಿ ಹದಿನೆಂಟು ಇಪ್ಪತ್ತು ಲೀಟರ್ ನೀರು ಹಿಡಿಯುತ್ತದೆ. ವಿಪತ್ತಿನ ಕಾಲದಲ್ಲಿ ಕುಡಿಯಲು, ಅಡುಗೆಗೆ, ಶುಚಿಗೆ ಎಲ್ಲ ಸೇರಿ ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂದು ಪರಿಹಾರ ಸಂಸ್ಥೆಗಳ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಆ ದಿನಗಳಲ್ಲಿ ಬೇಲಿಯ ಆಚೆಯವರಿಗೆ ಅಷ್ಟೂ ಸಿಗುತ್ತಿರಲಿಲ್ಲ. ಒಬ್ಬರ ಸಂಜೆಯ ಒಂದು ಸುಖವು ಇನ್ನೊಬ್ಬರ ಇಡೀ ದಿನದ ಜೀವನಕ್ಕಿಂತ ದೊಡ್ಡದಾಗಿತ್ತು. ಹವಾಲ್ದಾರರು ಕದ್ದಿರಲಿಲ್ಲ, ನಿಯಮ ಮೀರಿರಲಿಲ್ಲ. ಅದು ಅವರ ಪಾಲಿಗೆ ನ್ಯಾಯವಾಗಿ ಬಂದ ನೀರು. ಆದರೂ ಅಂದು ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಮರುದಿನದಿಂದ ಅವರು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ತಮ್ಮ ಪಾಲಿನ ಬಕೆಟ್ಟನ್ನು ಬೇಲಿಯ ಬಳಿ ಕೊಟ್ಟು ಬರತೊಡಗಿದರು. ಇನ್ನೂ ಕೆಲವರು ಹಾಗೆಯೇ ಮಾಡುತ್ತಿದ್ದರು. ಅದರಿಂದ ಎಷ್ಟು ಜನರ ದಾಹ ತೀರೀತು? ಲೆಕ್ಕಕ್ಕೆ ನಿಲ್ಲುವ ಮಾತಲ್ಲ ಎಂದು ಅವರೇ ಹೇಳುತ್ತಾರೆ.

ಗೃಹಸ್ಥನು ಬಳಸುವ ವಸ್ತುಗಳನ್ನು ಹಿರಿಯರು ಎರಡಾಗಿ ವಿಂಗಡಿಸಿದ್ದಾರೆ. ಅನ್ನ, ನೀರು, ಗಂಧಗಳಂತೆ ಒಮ್ಮೆ ಬಳಸಿದರೆ ತೀರಿಹೋಗುವುದು ಭೋಗ. ವಸ್ತ್ರ, ಮಂಚ, ಮನೆಗಳಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಎರಡಕ್ಕೂ ಮಿತಿಯನ್ನು ತಾನೇ ಹಾಕಿಕೊಳ್ಳಬೇಕೆಂಬುದು ಶ್ರಾವಕನ ವ್ರತಗಳಲ್ಲಿ ಒಂದು. ಸ್ನಾನದ ನೀರು ಭೋಗದ ಪಟ್ಟಿಯಲ್ಲಿ ಬರುತ್ತದೆ. ಮೈಮೇಲೆ ಬಿದ್ದು ನೆಲಕ್ಕಿಳಿದರೆ ಮುಗಿಯಿತು. ಆದರೆ ಬಳಸಿದವನ ಪಾಲಿಗೆ ಮುಗಿದ ನೀರು ಆ ಮಗುವಿನ ಪಾಲಿಗೆ ಅಲ್ಲಿಂದಲೇ ಆರಂಭವಾಗುತ್ತಿತ್ತು. ಮಿತಿಯನ್ನು ಎಲ್ಲಿ ಹಾಕಬೇಕೆಂಬುದು ಬಕೆಟ್ಟನ್ನು ತುಂಬುವಾಗ ತಿಳಿಯುವುದಿಲ್ಲ, ಕಾಲುವೆಯ ಕೊನೆಯಲ್ಲಿ ಹೋಗಿ ನಿಂತಾಗ ತಿಳಿಯುತ್ತದೆ. ಹವಾಲ್ದಾರರಿಗೆ ಈ ಶಾಸ್ತ್ರದ ಪರಿಚಯವಿರಲಿಲ್ಲ. ಅವರು ಕಂಡದ್ದು ಒಂದು ಡಬ್ಬಿ, ಒಂದು ಬಟ್ಟೆ, ಹೆದರಿದ ಎರಡು ಕಣ್ಣುಗಳು.

ನೀರಿನ ವಿಷಯವನ್ನು ಅವರು ಕೇಳಿದವರಿಗೆಲ್ಲ ಹೇಳುತ್ತಾರೆ. ಎತ್ತಿನ ವಿಷಯವನ್ನು ಹೇಳಲು ಅವರಿಗೆ ಕೆಲವು ವರ್ಷಗಳೇ ಬೇಕಾದವು.

ಕಾದಾಟ ತೊಡಗಿದ ರಾತ್ರಿಯೇ ಆ ವೃದ್ಧರು ಬಿಳಿ ಎತ್ತನ್ನು ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಮನುಷ್ಯರಿಗೇ ಜಾಗವಿಲ್ಲದ ಕಡೆ ದನಗಳನ್ನು ಒಳಗೆ ಬಿಡುವಂತಿರಲಿಲ್ಲ. ವೃದ್ಧರು ಎತ್ತನ್ನು ಬಿಟ್ಟು ಒಳಗೆ ಬರಲೊಲ್ಲರು. ಹಿಂದಿನಿಂದ ಜನ ನೂಕುತ್ತಿದ್ದರು, ದೂರದಲ್ಲಿ ಗುಂಡಿನ ಸದ್ದು. ಅವರ ಮಾತು ಬಲ್ಲ, ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಯುವಕನ ಮೂಲಕ ಹವಾಲ್ದಾರರು ಹೇಳಿದರು: 'ಆ ಬೇವಿನ ಗಿಡಕ್ಕೆ ಕಟ್ಟಿ ಬನ್ನಿ. ಏನೂ ಆಗುವುದಿಲ್ಲ. ಬೆಳಿಗ್ಗೆ ನಾನೇ ನೋಡಿಕೊಳ್ಳುತ್ತೇನೆ.' ಎರಡು ತಿಂಗಳು ಆ ಎತ್ತಿನ ಕಾಲು ಹಿಡಿದ ಮನುಷ್ಯನ ಮಾತು. ವೃದ್ಧರು ನಂಬಿದರು. ಬೇವಿನ ಗಿಡಕ್ಕೆ ಎತ್ತನ್ನು ಕಟ್ಟಿ ಒಳಗೆ ಬಂದರು.

ಬೆಳಿಗ್ಗೆ ಗಿಡದ ಬುಡದಲ್ಲಿ ಹಗ್ಗದ ತುಂಡು ಮಾತ್ರ ಉಳಿದಿತ್ತು. ಯಾರು ಒಯ್ದರು, ಎತ್ತು ಏನಾಯಿತು, ತಿಳಿಯಲಿಲ್ಲ. ಎತ್ತು ಉಳಿಯುವುದಿಲ್ಲವೆಂದು ಹವಾಲ್ದಾರರಿಗೆ ಆ ಮಾತು ಆಡುವಾಗಲೇ ಗೊತ್ತಿತ್ತು. ಅದು ವೃದ್ಧರ ಪ್ರಾಣ ಉಳಿಸಿದ ಸುಳ್ಳು ಎಂದು ಜೊತೆಯವರು ಸಮಾಧಾನ ಹೇಳಿದರು. ಇರಬಹುದು. ಅವರು ಹೊರಗೇ ಉಳಿದಿದ್ದರೆ ಎತ್ತಿನ ಜೊತೆಗೆ ಅವರೂ ಹೋಗುತ್ತಿದ್ದರೇನೋ. ಆದರೆ ಹವಾಲ್ದಾರರ ಮನಸ್ಸನ್ನು ಕೊರೆಯುವುದು ಬೇರೆಯೇ. 'ನಾ ಆ ಮಾತು ಅವರ ಜೀವಾ ಉಳಸಲಿಕ್ಕೆ ಅಷ್ಟ ಆಡಲಿಲ್ಲ. ಅವರ ಮುಖಾ ನೋಡಲಿಕ್ಕೆ ನನಗ ಆಗಲಿಲ್ಲ, ಅದಕ್ಕ ಆಡಿದೆ' ಎನ್ನುತ್ತಾರೆ ಅವರು. ಸಮಾಧಾನದ ಮಾತಿನಿಂದ ಮೊದಲು ಸಮಾಧಾನ ಪಡೆದವರು ಆಡಿದವರೇ ಆಗಿದ್ದರು. ಅದೂ ಒಂದು ಸಣ್ಣ ಸುಖ. ಅದರ ಬೆಲೆಯನ್ನು ಬೇರೊಬ್ಬರು ತೆತ್ತರು.

ವೃದ್ಧರು ಬೈಯಲಿಲ್ಲ, ಅಳಲಿಲ್ಲ. ಆ ಹಗ್ಗದ ತುಂಡನ್ನು ತಂದುಕೊಡಬಹುದೇ ಎಂದು ಕೇಳಿದರು. ತಂದುಕೊಟ್ಟಾಗ ಅದನ್ನು ಸುರುಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

2014ರ ಜನವರಿ 1 ಎಳ್ಳಮಾಸಿ. ಆ ದಿನ ಬೀದರ್ ಸೀಮೆಯಲ್ಲಿ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗುಡಿಸಲು ಕಟ್ಟಿ ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಬಂದವರಿಗೆಲ್ಲ ಬಡಿಸುತ್ತಾರೆ. ಹೊಲದ ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕರೆದು ಉಣಿಸದೆ ಬಿಡುವುದಿಲ್ಲ. ಮಲಕಾಲದಲ್ಲಿ ಅಂದು ಕಾದಾಟ ತುಸು ನಿಂತಿತ್ತು. ಹವಾಲ್ದಾರರು ಮಂಚದ ಕೆಳಗಿನ ಹಿಟ್ಟಿನ ಚೀಲವನ್ನು ಹೊರಗೆಳೆದು, ಅಡುಗೆಯವರ ಒಲೆಯ ಮೇಲೆ ರೊಟ್ಟಿ ಬಡಿದರು. ಹಿಂಡಿಯ ಡಬ್ಬಿಯನ್ನು ಗೆರೆ ನೋಡದೆ ಬರಿದು ಮಾಡಿದರು. ಬೇಲಿಯ ಆಚೆ ಒಯ್ದು ಮಕ್ಕಳಿಗೆ ಹಂಚಿದಾಗ ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ರೊಟ್ಟಿಯನ್ನು ವೃದ್ಧರ ಕೈಗಿತ್ತು, ಯುವಕನ ಮೂಲಕ ಎರಡೇ ಮಾತು ಹೇಳಿದರು: 'ಅಂದು ನಾನು ಸುಳ್ಳು ಹೇಳಿದೆ. ನನಗೆ ತಪ್ಪಾಯಿತು.' ವೃದ್ಧರು ರೊಟ್ಟಿಯನ್ನು ಮುರಿದು ಅರ್ಧವನ್ನು ಪಕ್ಕದಲ್ಲಿದ್ದ ಹೆಂಗಸಿಗೆ ಕೊಟ್ಟರು, ಉಳಿದರ್ಧವನ್ನು ತಿಂದರು. ಏನೂ ಹೇಳಲಿಲ್ಲ. ಹವಾಲ್ದಾರರು ಕ್ಷಮೆಯನ್ನು ಪಡೆದೆನೆಂದು ಹೇಳಿಕೊಳ್ಳುವುದಿಲ್ಲ.

ಮಲಕಾಲ ಆ ವರ್ಷ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಲವು ಸಲ ಹೋಗಿ ಬಹುಮಟ್ಟಿಗೆ ಹಾಳಾಯಿತು. ನೆಲೆಯೊಳಗಿನ ಆಶ್ರಯಸ್ಥಾನದ ಜನಸಂಖ್ಯೆ ಮುಂದೆ ನಲವತ್ತು ಸಾವಿರವನ್ನೂ ದಾಟಿತು. 2016ರ ಫೆಬ್ರವರಿ 17 ಮತ್ತು 18ರಂದು ಅದರೊಳಗೇ ದಾಳಿ ನಡೆದು ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಕಾಯುತ್ತೇವೆಂದು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಆ ಸುದ್ದಿ ಜಗತ್ತಿಗೇ ತೋರಿಸಿತು. ಅಷ್ಟರಲ್ಲಿ ಹವಾಲ್ದಾರರು ಭಾರತಕ್ಕೆ ಮರಳಿದ್ದರು. ಸುದ್ದಿಯನ್ನು ಓದಿದ ದಿನ ಅವರು ಊಟ ಮಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ.

ಬೀದರಿನ ಹಿರಿಯರು ನೀರಿನ ಬೆಲೆಯನ್ನು ಬಲ್ಲವರಾಗಿದ್ದರು. ನೌಬಾದಿನ ಬಳಿ ಬಹಮನಿಗಳ ಕಾಲದಲ್ಲಿ ನೆಲದೊಳಗೆ ಕೊರೆದ ಸುರಂಗ ಕಾಲುವೆಯು ಅದಕ್ಕೆ ಸಾಕ್ಷಿ. ಕೊಳವೆಬಾವಿ ಬಂದ ಮೇಲೆ ನೀರು ಬರುವ ದಾರಿಯೂ ಹೋಗುವ ದಾರಿಯೂ ಕಣ್ಣಿಗೆ ಬೀಳದಾದವು. 'ಯಾಕಪ್ಪಾ, ದಿನಾ ಬಚ್ಚಲ ನೀರ ನೋಡ್ತಿ?' ಎಂದು ಮಗಳು ಕೇಳಿದಾಗ ಹವಾಲ್ದಾರರು ಡಬ್ಬಿ ಮುಚ್ಚಿಟ್ಟುಕೊಂಡ ಮಗುವಿನ ಕಥೆಯನ್ನು ಹೇಳಿದರು. ಅಂದಿನಿಂದ ಮಗಳು ಆ ಪ್ರಶ್ನೆಯನ್ನು ಕೇಳಿಲ್ಲ.

ಸುಖವನ್ನು ತ್ಯಜಿಸಿದವರು ಅವರಲ್ಲ. ಬೆಳಗಿನ ಶುಂಠಿ ಚಹಾ ಇಂದಿಗೂ ಬೇಕು, ಮಧ್ಯಾಹ್ನ ಬೀಸಣಿಗೆಯ ಕೆಳಗೆ ಒಂದು ತಾಸು ನಿದ್ರೆ ಬೇಕು. ಚಿಕ್ಕ ಸುಖಗಳಿಲ್ಲದಿದ್ದರೆ ಆ ಧೂಳಿನಲ್ಲಿ ಮನುಷ್ಯ ಮೃಗವಾಗುತ್ತಿದ್ದನೆಂದು ಅವರೇ ಹೇಳುತ್ತಾರೆ. ಅವರು ಬಿಟ್ಟದ್ದು ಎರಡನ್ನು ಮಾತ್ರ: ಹೋಗುವ ದಾರಿಯನ್ನು ನೋಡದೆ ಬಳಸುವ ನೀರನ್ನು, ಉಳಿಸಿಕೊಳ್ಳಲಾಗದೆಂದು ಗೊತ್ತಿದ್ದೂ ಆಡುವ ಮಾತನ್ನು.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದು ಕರ್ನಾಟಕದ ಹಳ್ಳಿಗಳು ತತ್ತರಿಸಿದವು. ನೆರೆಮನೆಯ ವಿಧವೆಯೊಬ್ಬಳ ಆಕಳ ಮೈತುಂಬ ಗಂಟೆದ್ದು, ಜ್ವರದಿಂದ ಮೇವು ಬಿಟ್ಟು ಮಲಗಿತು. ಸರಕಾರಿ ಪಶುವೈದ್ಯರು ಬಂದು ಔಷಧ ಕೊಟ್ಟು ಹೋದ ಮೇಲೆ ಅವಳು ಕೇಳಿದಳು: 'ಉಳೀತದೇನ್ರಿ ಕಾಕಾ?' ಸುತ್ತ ನಿಂತವರೆಲ್ಲ ಕಣ್ಣಿನಲ್ಲಿಯೇ 'ಹೂಂ ಅನ್ನಿ' ಎಂದು ಸೂಚಿಸಿದರು. ಅವರು ಅನ್ನಲಿಲ್ಲ. 'ಉಳೀತದ ಅಂತ ನಾ ಹೇಳಲಾರೆ, ತಂಗಿ. ಆದ್ರ ಇವತ್ತು ರಾತ್ರಿ ನಾ ಇಲ್ಲೇ ಇರ್ತೀನಿ' ಎಂದರು. ಗೋಣಿಚೀಲ ಹಾಸಿಕೊಂಡು ಕೊಟ್ಟಿಗೆಯಲ್ಲಿ ಕುಳಿತರು. ಹುಣ್ಣುಗಳನ್ನು ತೊಳೆದರು, ಬೇವಿನ ಸೊಪ್ಪಿನ ಹೊಗೆ ಹಾಕಿ ನೊಣ ಸೊಳ್ಳೆಗಳನ್ನು ಓಡಿಸಿದರು, ಆಗಾಗ ಬಾಯಿಗೆ ಅಂಬಲಿ ಹನಿಸಿದರು.

ಬೆಳಗಿನ ಜಾವ ಆಕಳು ತೀರಿಕೊಂಡಿತು. ದೂರ ಕಟ್ಟಿದ್ದ ಕರು ಉಳಿದಿತ್ತು. ಆ ತಾಯಿ ಅಳುತ್ತಲೇ ಒಂದು ತಂಬಿಗೆ ನೀರು ತಂದು ಅವರ ಕೈಮೇಲೆ ಸುರಿಯತೊಡಗಿದಳು. ಅರ್ಧ ತಂಬಿಗೆಯಾಗುತ್ತಲೇ ಅವರು ಕೈ ಅಡ್ಡ ಹಿಡಿದರು.

'ಸಾಕು ತಂಗಿ. ಉಳಿದದ್ದು ಕರುವಿನ ಮುಂದ ಇಡು.'